ಕೌದಿಗೆ ಊಟ

ಹರಾಜಿನ ದಿನ ರಾಮದುರ್ಗದ ಸಭಾಭವನದಲ್ಲಿ ನಾನು ಹೊಲಿದ ಕೌದಿಯ ಮಡಿಕೆ ಬಿಚ್ಚಿದಾಗ ಒಣ ಬೇವಿನೆಲೆಯ ವಾಸನೆ ಬಂತು. ಹುಳ ಹತ್ತದಿರಲೆಂದು ನಾನೇ ಇಟ್ಟದ್ದು. ಆ ವಾಸನೆಯ ಬೆನ್ನಿಗೇ ನಮ್ಮ ಪಕ್ಕದ ಮನೆಯ ಕೌದಿ ಚಾಚಿ ನೆನಪಾದಳು...

ಓಣಿಯವರ ಹಳೆಯ ಸೀರೆಗಳೆಲ್ಲ ಅವಳ ಪಡಸಾಲೆ ಸೇರಿ ಕೌದಿಯಾಗಿ ಮರಳುತ್ತಿದ್ದವು. ಅಂಚಿನಿಂದ ಸುತ್ತುತ್ತ ಹೊಲಿದು ನಡುವಿಗೆ ಬಂದಾಗ ಚಾಚಿ ಸೂಜಿ ನಿಲ್ಲಿಸಿ, ಚೂರು ರೊಟ್ಟಿ ಒಳಗಿಟ್ಟು ಮುಚ್ಚುತ್ತಿದ್ದಳು.

“ಮಂದಿನ್ನ ಬೆಚ್ಚಗಿಡೋದು, ಬೇಟಿ. ತಾನು ಹಸ್ಕೊಂಡಿರಬಾರದು.”

ಅವಳ ಪಕ್ಕ ಕೂತು ಕಲಿಯುತ್ತಿದ್ದ ನನ್ನ ಹೊಲಿಗೆ ಸೊಟ್ಟಗಾದರೆ ಮುಲಾಜಿಲ್ಲದೆ ಬಿಚ್ಚಿಸುತ್ತಿದ್ದಳು. ಬೈಗುಳ ಬೇರೆ, ಚಹಾ ಬೇರೆ, ಎರಡೂ ಧಾರಾಳ. ಅವಳ ತವರು ಸುರೇಬಾನ. ಊರಿನ ಸಾಲಿ ಮುಗಿದ ಮೇಲೆ ರಾಮದುರ್ಗದಲ್ಲಿ ಉಳಿಯಲು ಜಾಗವಿಲ್ಲದೆ ಅವಳ ಓದು ಅಲ್ಲಿಗೇ ನಿಂತಿತ್ತು. ಮಲಗಲು ಒಂದು ಮೂಲೆ ಸಿಕ್ಕಿದ್ದರೆ ತಾನೂ ಓದುತ್ತಿದ್ದೆನೆಂದು ಒಮ್ಮೆ ಹೇಳಿ, ಮತ್ತೆ ಸೂಜಿಗೆ ದಾರ ಪೋಣಿಸಿದ್ದಳು.

ನಾನು ಚಿತ್ರಕಲೆ ಕಲಿತೆ. ಬಣ್ಣ ನನ್ನ ಕೈಹಿಡಿಯಲಿಲ್ಲ, ಬಟ್ಟೆ ಹಿಡಿಯಿತು. ಹರಾಜಿಗೆ ಕೊಟ್ಟ ಕೌದಿಯಲ್ಲಿದ್ದದ್ದು ಸುರೇಬಾನದ ಸೀಮೆ: ಕಪ್ಪು ಸೀರೆಯ ತುಂಡುಗಳಲ್ಲಿ ಎರೆಹೊಲ, ಹಸಿರಿನಲ್ಲಿ ಕಬ್ಬು, ನಡುವೆ ಮಲಪ್ರಭೆಯಾಗಿ ಚಾಚಿಯ ನೀಲಿ ಸೀರೆ. ಅವಳು ತೀರಿಕೊಂಡ ಮೇಲೆ ಅವಳ ಸೊಸೆ ಅದನ್ನು ನನಗೆ ಕೊಟ್ಟಿದ್ದಳು.

ಹರಾಜು ರಾಮದುರ್ಗಕ್ಕೆ ಓದಲು ಬರುವ ಹಳ್ಳಿ ಹುಡುಗಿಯರ ವಸತಿಗೃಹಕ್ಕಾಗಿ. ಗೋಡೆ ಎದ್ದು ಛಾವಣಿಗೆ ಕಾಯುತ್ತಿತ್ತು. ಬಂದ ಚಿತ್ರಗಳೆಲ್ಲ ಸಪ್ಪಗೆ ಮಾರಾಟವಾಗಿ, ಉಳಿದದ್ದು ನನ್ನದೊಂದೇ. ಅದು ಹೋಗದಿದ್ದರೆ ಛಾವಣಿಯೂ ಇಲ್ಲ.

ಹರಾಜು ಕೂಗುವವರು ಕೌದಿಯ ಮೇಲೆ ಕೈಯಾಡಿಸಿ ನಡುವೆ ತಡೆದರು.

“ಇಲ್ಲೇನೋ ಗಂಟು ಉಳದೈತ್ರಿ. ಕತ್ತರಿಸಿ ತೆಗೀಲೇನು?”

ಸಿಟ್ಟು ನೆತ್ತಿಗೇರಿತು. ಕತ್ತರಿ ಕಸಿದುಕೊಂಡು, ಮೈಕನ್ನೂ ಕಸಿದುಕೊಂಡೆ. ಅದು ಗಂಟಲ್ಲ, ಕೌದಿಯ ಊಟ ಎಂದೆ. ಚಾಚಿಯ ಕಥೆಯನ್ನೂ, ಅವಳಿಗೆ ಸಿಗದ ಆ ಮೂಲೆಯ ಮಾತನ್ನೂ ಹೇಳಿದೆ.

ಯರಗಟ್ಟಿಯ ಬೆಲ್ಲದ ವ್ಯಾಪಾರಿಯೊಬ್ಬರು ಎದ್ದು ನಿಂತರು. “ನಮ್ಮವ್ವನೂ ಹಿಂಗ ಊಟ ಹಾಕತಿದ್ಲರಿ. ಇದು ನನಗ ಬೇಕು.”

ಸವದತ್ತಿಯ ಡಾಕ್ಟರಮ್ಮ ಬಿಟ್ಟಾರೆಯೇ? ಇಬ್ಬರೂ ಹಟಕ್ಕೆ ಬಿದ್ದರು. ಒಂದೊಂದು ಕೂಗಿಗೂ ಜನ ಕುರ್ಚಿ ಬಿಟ್ಟು ಏಳತೊಡಗಿದರು. ಕೊನೆಗೆ ವಸತಿಗೃಹದ ಮೇಲ್ವಿಚಾರಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, “ಛಾವಣಿ ಆತ್ರಿ, ಛಾವಣಿ ಆತು,” ಎಂದರು. ನಾನು ನಾಚಿಕೆ ಬಿಟ್ಟು ಸೀಟಿ ಹೊಡೆದೆ.

ಗೆದ್ದ ವ್ಯಾಪಾರಿ ಕೌದಿಯನ್ನು ಮನೆಗೆ ಒಯ್ಯಲಿಲ್ಲ. ಮೊದಲು ಬರುವ ಹುಡುಗಿಗೆ ಹೊದೆಯಲು ಕೊಡಿ ಎಂದು ಅಲ್ಲೇ ಬಿಟ್ಟು ಹೋದರು.

ಈಗ ಛಾವಣಿ ಹಾಕಿ ಮುಗಿದಿದೆ. ನಿನ್ನೆ ಸುರೇಬಾನದ ಹುಡುಗಿಯೊಬ್ಬಳು ಟ್ರಂಕು ಹೊತ್ತು ಬಂದಳು. ಅವಳ ಮಂಚದ ಮೇಲೆ ಕೌದಿ ಹಾಸಿ ಬಂದೆ. ಈ ಸುದ್ದಿ ಹೇಳಬೇಕಾದ ಪಕ್ಕದ ಪಡಸಾಲೆಯಲ್ಲಿ ಚಾಚಿ ಇಲ್ಲ, ಅದೊಂದು ಸಂಕಟ ಹೋಗುವುದಿಲ್ಲ... ಇದ್ದಿದ್ದರೆ ಎಷ್ಟಕ್ಕೆ ಹೋಯಿತೆಂದು ಅವಳು ಕೇಳುತ್ತಿರಲಿಲ್ಲ. ಊಟ ಹಾಕಿದೆಯೋ ಇಲ್ಲವೋ ಎಂದಷ್ಟೇ ಕೇಳುತ್ತಿದ್ದಳು.

ಹಾಕೇನಿ, ಚಾಚಿ.