ಷಡ್ಡಕರ ಮೋಟಾರು ದೋಣಿ

ಮೊನ್ನೆ ಬಚ್ಚಲಮನೆಯ ನಲ್ಲಿಗೆ ವಾಷರ್ ತರಲೆಂದು ದೊಡ್ಡಬಳ್ಳಾಪುರದ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಗಲ್ಲಾದ ಪಕ್ಕದ ಮೊಳೆಯಲ್ಲಿ ಕಿರುಬೆರಳಿನಷ್ಟು ದಪ್ಪದ ಕಪ್ಪು ಹಗ್ಗವೊಂದು ಸುರುಳಿ ಸುತ್ತಿ ನೇತಾಡುತ್ತಿತ್ತು. ಮುಟ್ಟಿದೆ. ಬೆರಳಿಗೆ ಮಸಿ ಹತ್ತಿತು, ಗ್ರೀಸಿನ ವಾಸನೆ ಮೂಗಿಗೆ ಬಂತು.

"ಪಂಪಿಗಾ ಸಾರ್?" ಎಂದ ಅಂಗಡಿಯವನು.

"ಅಲ್ಲ, ದೋಣಿಗೆ" ಅಂದುಬಿಟ್ಟೆ.

ಅವನು ನನ್ನನ್ನೊಮ್ಮೆ, ಹೊರಗೆ ಧೂಳೆದ್ದ ರಸ್ತೆಯನ್ನೊಮ್ಮೆ ನೋಡಿದ. ನಮ್ಮ ತಾಲ್ಲೂಕಿಗೂ ಸಮುದ್ರಕ್ಕೂ ಇರುವ ದೂರವೆಲ್ಲ ಅವನ ಮುಖದಲ್ಲಿ ಕಾಣಿಸಿತು.

ನೀವೂ ಹಾಗೆ ನೋಡಬೇಡಿ. ದೋಣಿ ನನ್ನದಲ್ಲ. ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ನಂಜುಂಡಪ್ಪನವರದು. ಪವರ್‌ಲೂಮ್ ಓಡಿಸಿಕೊಂಡಿದ್ದ ಮನುಷ್ಯ. ನಾನೋ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಘರ್ಷಣೆ ಎಂಬ ಪಾಠವನ್ನು ಇಪ್ಪತ್ತು ಸಲ ಮಾಡಿದ್ದರೂ ಸೈಕಲ್ ಚೈನಿಗೆ ಎಣ್ಣೆ ಬಿಡಲು ಬೇರೆಯವರನ್ನು ಕರೆಯುವವನು.

ದೋಣಿಯ ಕಥೆಗೆ ಮುಂಚೆ ನಮ್ಮ ಅತ್ತೆಯ ವಿಷಯ ಹೇಳಬೇಕು. ಅವರು ಅಳಿಯಂದಿರ ಜೊತೆ ನೇರವಾಗಿ ಮಾತಾಡಿದವರಲ್ಲ. ಅವರ ಕಾಲದ ಮರ್ಯಾದೆ ಅದು. ಮಾತೆಲ್ಲ ಅಡುಗೆಮನೆ ಬಾಗಿಲ ಮರೆಯಿಂದ, ಗೋಡೆಗೆ ಹೇಳಿದಂತೆ. "ಅಳಿಯಂದಿರು ಊಟಕ್ಕೆ ಏಳಬಹುದು." "ಮೇಷ್ಟ್ರಿಗೆ ಇನ್ನೊಂದು ಮುದ್ದೆ ಬೇಕೇನೋ." ಒಮ್ಮೆ ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಕಾಫಿ ಆರುತ್ತಿದೆ ಎಂಬುದನ್ನು ಬೆಕ್ಕಿಗೆ ಹೇಳಿದ್ದರು. ಬೆಕ್ಕು ಎದ್ದು ಹೋಯಿತು, ನಾನು ಕಾಫಿ ಕುಡಿದೆ.

ಕೆಲವು ವರ್ಷಗಳ ಹಿಂದೆ ಮಳೆ ಚೆನ್ನಾಗಿ ಆಗಿ, ಸಾಸಲು ಕಡೆ ಇರುವ ಅತ್ತೆಯ ತವರಿನ ಕೆರೆ ತುಂಬಿತು. ಅದಕ್ಕೆ ಮುಂಚೆ ಅತ್ತೆ ಕೆರೆ ತುಂಬಿದ್ದನ್ನು ನೋಡಿದ್ದು ಲಂಗ ಉಡುತ್ತಿದ್ದ ಕಾಲದಲ್ಲಿ. ಬಾಗಿನ ಕೊಡಬೇಕು ಅಂದರು, ಅದೂ ನಡುನೀರಿನಲ್ಲಿ. "ದಡದಾಗೆ ಕೊಟ್ರೆ ಎಮ್ಮೆ ತಿನ್ಕೊಂಡು ಹೋಗ್ತದೆ" ಎಂದು ಗೋಡೆಗೆ ತಿಳಿಸಿದರು.

ಗೋಡೆ ಸುಮ್ಮನಿತ್ತು. ನಂಜುಂಡಪ್ಪನವರು ಸುಮ್ಮನಿರಲಿಲ್ಲ. ಹೊಸಕೋಟೆ ಕಡೆ ಬಾಗಿಲು ಹಾಕಿದ್ದ ಯಾವುದೋ ರೆಸಾರ್ಟಿನಿಂದ ಹಳೆಯ ಮೋಟಾರು ದೋಣಿಯೊಂದನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದರು. ನೀರಿಗಿಳಿಸಿದ ಹತ್ತು ನಿಮಿಷಕ್ಕೆ ನಮ್ಮ ಚಪ್ಪಲಿಗಳು ಒಳಗೇ ತೇಲತೊಡಗಿದವು. ಏರಿಯ ಮೇಲೆ ನಿಂತ ಜನ ಚಪ್ಪಾಳೆ ತಟ್ಟಿದರು.

ತೊಂದರೆ ಏನೆಂದು ಹುಡುಕಲು ಎರಡು ದಿನ ಬೇಕಾಯಿತು. ಎಂಜಿನ್ನು ದೋಣಿಯೊಳಗಿದೆ, ತಿರುಗುವ ರೆಕ್ಕೆ ಹೊರಗೆ ನೀರಿನಲ್ಲಿದೆ. ಎರಡನ್ನೂ ಸೇರಿಸುವ ಕಬ್ಬಿಣದ ಶಾಫ್ಟು ದೋಣಿಯ ತಳದ ತೂತಿನಿಂದ ಹಾದು ಹೋಗುತ್ತದೆ. ಆ ತೂತಿನಿಂದ ನೀರು ನುಗ್ಗದಂತೆ ಶಾಫ್ಟಿನ ಸುತ್ತ ಹಿತ್ತಾಳೆಯ ಬಟ್ಟಲೊಂದರಲ್ಲಿ ಹಗ್ಗ ತುರುಕಿ, ಮೇಲೆ ನಟ್ಟು ಬಿಗಿದಿರುತ್ತಾರೆ. ಆ ಹಗ್ಗ ಸವೆದು ಹೋಗಿತ್ತು. ಇಷ್ಟನ್ನೂ ನಾವು ಕಲಿತದ್ದು ಫೋನಿನಲ್ಲಿ ಸಿಕ್ಕ ಮಲಯಾಳಂ ವಿಡಿಯೊ ನೋಡಿ. ಅದರಲ್ಲಿ ನಮಗೆ ಅರ್ಥವಾದದ್ದು 'ವೆಳ್ಳಂ' ಎಂಬ ಒಂದೇ ಮಾತು, ಆ ನೀರು ಆಗಲೇ ನಮ್ಮ ಮೊಣಕಾಲಿನವರೆಗೆ ಬಂದಿತ್ತು.

ದೋಣಿಯನ್ನು ದಡಕ್ಕೆಳೆದು ನಟ್ಟು ಬಿಚ್ಚಿದೆವು. ಹಳೆಯ ಹಗ್ಗ ಈಚೆ ಬರಲೊಲ್ಲದು. ನಾನು ಸ್ಕ್ರೂಡ್ರೈವರಿನಿಂದ ಕೆದಕಿ ನನ್ನ ಹೆಬ್ಬೆರಳನ್ನೇ ಗಾಯ ಮಾಡಿಕೊಂಡೆ. ಹುಣಸೆಮರದ ಕೆಳಗೆ ಕೂತು ನೋಡುತ್ತಿದ್ದ ಅತ್ತೆ, ಮಗ್ಗದ ಅಚ್ಚಿಗೆ ಎಳೆ ಸೇದುವ ಸಣ್ಣ ಕೊಕ್ಕೆಯನ್ನು ತಮ್ಮ ಚೀಲದಿಂದ ತೆಗೆದು ನನ್ನ ಹೆಂಡತಿಯ ಕೈಲಿ ಕಳಿಸಿದರು. ಕೊಳೆತ ಎರೆಹುಳದಂಥ ತುಂಡುಗಳು ಒಂದೊಂದಾಗಿ ಈಚೆ ಬಂದವು.

ಪಂಪಿನ ಅಂಗಡಿಯಿಂದ ತಂದ ಹಗ್ಗ ದಪ್ಪವಾಗಿ ಬಟ್ಟಲಿಗೆ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಅತ್ತೆ ಒರಟು ಹತ್ತಿ ನೂಲನ್ನು ಜಡೆಯಂತೆ ಹೆಣೆದು, ಮೇಣ ಹರಳೆಣ್ಣೆ ಕಾಸಿ ಅದರಲ್ಲಿ ನೆನೆಸಿ ತಂದಿದ್ದರು. ಶಾಫ್ಟಿಗೆ ಸುತ್ತಿ, ಅಳತೆಗೆ ಕತ್ತರಿಸಿ, ಉಂಗುರದಂತೆ ಒಂದರ ಮೇಲೊಂದು ಕೂರಿಸಿದೆವು. "ಬಾಯಿಗಳೆಲ್ಲ ಒಂದೇ ಕಡೆ ಬಂದ್ರೆ ನೀರು ಅಲ್ಲೇ ನುಗ್ತದೆ" ಎಂದು ಅತ್ತೆ ಹುಣಸೆಮರಕ್ಕೆ ಎಚ್ಚರಿಕೆ ಕೊಟ್ಟರು. ನಾವು ಉಂಗುರಗಳ ಕತ್ತರಿಸಿದ ಬಾಯಿಗಳನ್ನು ಬೇರೆಬೇರೆ ಕಡೆಗೆ ತಿರುಗಿಸಿದೆವು.

ಶುಕ್ರವಾರ ಹೊರಟೆವು. ಮುಂದುಗಡೆ ಮಡಿಲಲ್ಲಿ ಬಾಗಿನದ ಮೊರ ಹಿಡಿದ ಅತ್ತೆ, ನಡುವೆ ತಂಬಿಗೆ ಹಿಡಿದ ನಾನು, ಹಿಂದೆ ಸ್ಪ್ಯಾನರ್ ಹಿಡಿದ ನಂಜುಂಡಪ್ಪನವರು. ಮೂವರಲ್ಲಿ ಯಾರಿಗೂ ಈಜು ಬಾರದು. ನಟ್ಟಿನ ಹತ್ತಿರ ಒಂದೊಂದೇ ಹನಿ ಬೀಳುತ್ತಿತ್ತು.

"ಅದು ಬೀಳ್ಲೇಬೇಕು ಅಣ್ಣ" ಎಂದೆ. "ಆ ಹನಿಯಿಂದಾನೇ ಶಾಫ್ಟು ತಣ್ಣಗಿರೋದು."

"ದೋಣಿ ಅಂದ್ಮೇಲೆ ನೀರು ಆಚೆಗಿರ್ಬೇಕು ಮೇಷ್ಟ್ರೇ. ಒಳಗೂ ಬೇಕಿದ್ರೆ ಬಚ್ಚಲಲ್ಲೇ ಕೂತ್ಕೋಬಹುದಿತ್ತು" ಎಂದು ಅವರು ಒಂದು ಸುತ್ತು ಬಿಗಿದರು. ಹನಿ ನಿಂತಿತು. ತೃಪ್ತಿಯಾಗದೆ ಇನ್ನೊಂದು ಸುತ್ತು ಬಿಗಿದರು.

ದೋಣಿಯಲ್ಲಿ ಗೋಡೆ ಇರಲಿಲ್ಲವಾಗಿ ಅತ್ತೆ ಕೆರೆಗೇ ಹೇಳಿದರು: "ಹನಿ ಬಿದ್ರೆ ಬೀಳ್ಲಿ ಅಂತ ಯಾರಾದ್ರೂ ಹೇಳ್ಬಾರ್ದಾ?"

ನಾನು ಆಗಲೇ ಹೇಳಿ ಸೋತಿದ್ದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಶಾಫ್ಟು ಕಿರುಗುಟ್ಟಿತು, ಸುಟ್ಟ ಮೇಣದ ಹೊಗೆ ಎದ್ದಿತು, ಎಂಜಿನ್ನು ಎರಡು ಸಲ ಕೆಮ್ಮಿ ನಿಂತುಹೋಯಿತು. ಗಾಳಿ ನಮ್ಮನ್ನು ಮುಳುಗಿದ ಜಾಲಿಮರಗಳ ಕಡೆಗೆ ತಳ್ಳತೊಡಗಿತು. ಮುಳ್ಳಿನ ಕೊಂಬೆಗಳು ನೀರಿನಿಂದ ಮೇಲೆ ಚಾಚಿಕೊಂಡಿದ್ದವು. ನಂಜುಂಡಪ್ಪನವರು ಗಾಬರಿಯಲ್ಲಿ ಮತ್ತೆ ಬಿಗಿಯುವ ಕಡೆಗೇ ತಿರುಗಿಸತೊಡಗಿದರು. ನಾನು ಘರ್ಷಣೆಯ ಪಾಠ ನೆನಪಿಸಿಕೊಳ್ಳುತ್ತ ಕೂತಿದ್ದೆ.

"ನಂಜುಂಡಾ!"

ಅತ್ತೆಯ ಕೂಗಿಗೆ ಕೆರೆಯ ಕೊಕ್ಕರೆಗಳು ಎದ್ದು ಹಾರಿದವು.

"ಬಿಡೋ ಅದನ್ನ! ಇತ್ಲಾಗೆ ತಿರುಗ್ಸಿ ಸಡ್ಲ ಮಾಡು. ಮಗ್ಗದಾಗೆ ಹಾಸು ಜಾಸ್ತಿ ಬಿಗಿದ್ರೆ ಎಳೆ ಕಿತ್ತೋಗಲ್ವಾ? ಮಗ್ಗ ಓಡ್ಸೋನಿಗೆ ಅಷ್ಟೂ ಗೊತ್ತಾಗಲ್ವಾ? ಮೇಷ್ಟ್ರೇ, ನೀವೇನ್ ಮಕ ನೋಡ್ತಾ ಕೂತಿದೀರಾ? ಹುಯ್ರಿ ನೀರು ಅದ್ರ ಮೇಲೆ!"

ಹುಯ್ದೆ. ಬುಸ್ಸೆಂದು ಹಬೆ ಎದ್ದಿತು. ನಂಜುಂಡಪ್ಪನವರು ನಟ್ಟು ಸಡಿಲಿಸಿದರು. ಹನಿ ಮತ್ತೆ ಬೀಳತೊಡಗಿತು. ಮೂರನೆಯ ಸಲಕ್ಕೆ ಎಂಜಿನ್ನು ಹಿಡಿಯಿತು. ಜಾಲಿಯ ಮೊದಲ ಮುಳ್ಳು ನನ್ನ ಅಂಗಿಯ ತೋಳನ್ನು ಹರಿದದ್ದಷ್ಟೇ ನಷ್ಟ.

ನಡುನೀರಿನಲ್ಲಿ ಅತ್ತೆ ಸೆರಗು ಹೊದ್ದು, ಮೊರವನ್ನು ಎರಡೂ ಕೈಯಲ್ಲಿ ಹಿಡಿದು ಕೆರೆಗೆ ಬಿಟ್ಟರು. ನಂಜುಂಡಪ್ಪನವರು ನನ್ನ ಕಿವಿಯ ಹತ್ತಿರ ಬಗ್ಗಿ, "ನಂಜುಂಡ ಅಂದ್ರು ಮೇಷ್ಟ್ರೇ. ನಮ್ಮವ್ವ ಹೋದ್ಮೇಲೆ ಯಾರೂ ಹಂಗೆ ಕರ್ದಿರ್ಲಿಲ್ಲ" ಎಂದರು. ಹೊಗೆಗೆ ಕಣ್ಣು ಉರಿಯುತ್ತಿದೆ ಎಂದೂ ಸೇರಿಸಿದರು. ಹೊಗೆ ಆಗಲೇ ಹೋಗಿತ್ತು.

ಅಂದಿನಿಂದ ಅತ್ತೆ ನಮ್ಮೊಡನೆ ನೇರವಾಗಿ ಮಾತಾಡುತ್ತಾರೆ. ತಪ್ಪು ಸಿಕ್ಕಿದರೆ ಬಿಡುವುದಿಲ್ಲ, ನಮ್ಮಲ್ಲಿ ತಪ್ಪಿಗೆ ಬರವೂ ಇಲ್ಲ.

ವಾಷರ್ ಹಿಡಿದು ಮನೆಗೆ ಬಂದಾಗ ಅವರು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಇಷ್ಟು ವರ್ಷ ಕೇಳಲು ಧೈರ್ಯವಿಲ್ಲದ್ದನ್ನು ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ: "ಅತ್ತೆ, ಅಷ್ಟು ಕಾಲ ನಮ್ಮಿಬ್ಬರ ಹತ್ರ ಯಾಕೆ ಮಾತಾಡ್ತಿರ್ಲಿಲ್ಲ? ಬರೀ ಮರ್ಯಾದೆಗಾ?"

ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಮಾತಾಡ್ಸೋ ಅಂಥದ್ದು ನೀವಿಬ್ರೂ ಏನು ಮಾಡಿದ್ರಿ?"

ನಾನೂ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಬಿಡಿಸತೊಡಗಿದೆ.