ಒಂದು ಊಟದಷ್ಟು ಚಾರ್ಜು

ನಾವುಂದದ ಹೆದ್ದಾರಿ ಬದಿಯಲ್ಲಿ ಹೋಟೆಲಿಟ್ಟಿರುವ ಉಮಾನಾಥ ಶೆಟ್ಟರು ಅಂಗಳದಲ್ಲಿ ಕಾರು ಚಾರ್ಜು ಮಾಡುವ ಯಂತ್ರ ಕೂರಿಸಿ ವರ್ಷವಾದರೂ ಅವರ ಬಾಯಲ್ಲಿ ಗಂಟೆ, ಯೂನಿಟ್ಟು ಎಂಬ ಮಾತು ಬಂದದ್ದಿಲ್ಲ. ಎಷ್ಟು ಹೊತ್ತಾಗುತ್ತದೆಂದು ಕೇಳಿದರೆ ಕಾರಿನೊಳಗೆ ಇಣುಕಿ ಚಾರ್ಜು ಎಷ್ಟು ಉಳಿದಿದೆಯೆಂದು ನೋಡಿ, "ಕುಂದಾಪ್ರಕ್ಕಾರೆ ಒಂದ್ ಚಾ ಸಾಕ್, ಮಂಗ್ಳೂರಿಗಾರೆ ಊಟವೇ ಆಯ್ಕ್" ಎನ್ನುತ್ತಾರೆ; ದೂರ ಹೋಗುವವರು ಊಟ ಮುಗಿಸುವಷ್ಟು ಹೊತ್ತು ಕಾಯಬೇಕೆಂದು ಅರ್ಥ. ಖರ್ಚು ಕೇಳಿದರೆ, "ನಾಕ್ ಬಂಗ್ಡಿ ಫ್ರೈಯಷ್ಟ್." ಬೋಟು ಕಡಲಿಗಿಳಿಯದೆ ಮೀನು ತುಟ್ಟಿಯಾದ ದಿನ ಅದೇ ಕರೆಂಟು ಎರಡೇ ಬಂಗುಡೆಗೆ ಇಳಿಯುತ್ತದೆ. ಮೊಬೈಲಿನ ಲೆಕ್ಕ ತೋರಿಸಿ ವಾದಕ್ಕಿಳಿದವರಿಗೆ, "ಹ್ವಾಯ್, ನಿಮ್ ಮೊಬೈಲಿಗೆ ಹಸಿವ್ ಆತ್ತಾ?" ಎಂದು ನಗುತ್ತಾರೆ. ಉಡುಪಿಯ ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಬಳಿ ಎರಡು ದಿನ ಕಾದು, ನಾನು ಬೈಂದೂರಿನ ಮನೆಗೆ ಮರಳುವಾಗ ಚಾರ್ಜು ತೀರಾ ಇಳಿದಿದ್ದರಿಂದ ಅಲ್ಲಿ ನಿಲ್ಲಿಸಿದೆ. ಅಂದು ಶೆಟ್ಟರು ಕಾರಿನೊಳಗೆ ಇಣುಕಲೇ ಇಲ್ಲ; ನನ್ನ ಮುಖ ನೋಡಿ, "ಊಟವೇ ಆಯ್ಕ್" ಎಂದು ಎಲೆ ಹಾಕಿಸಿದರು. ಬಿಸಿ ಅನ್ನ, ಮೀನಿನ ಸಾರು ಉಂಡು ಹೊರಗೆ ಬಂದರೆ, ಬೈಂದೂರಿಗೆ ಬೇಕಾದಷ್ಟು ಚಾರ್ಜು ಯಾವಾಗಲೋ ತುಂಬಿ ಹೆಚ್ಚಾಗಿತ್ತು. "ಇವತ್ತ್ ಲೆಕ್ಕ ತಪ್ತಲ್ದಾ, ಶೆಟ್ರೆ?" ಎಂದೆ. "ತಪ್ಪಲಿಲ್ಲೆ ಮಾರಾಯ್ರೆ. ಕಾರಿಗೆ ಒಂದ್ ಚಾ ಸಾಕಿದ್ದಿತ್ತ್. ಊಟ ಬೇಕಾದ್ದ್ ನಿಮ್ಗೆ."