ಬರಲಿರುವ ಕ್ಯಾಮೆರಾ ಮತ್ತು ದೀಪಾಳ ಫೋಟೋ

ಕೋಲ್ವಾ ಕಡಲತೀರದ ಪಾಂಡಪ್ಪ ಫೋಟೋ ತೆಗೆಯುವಾಗ ಎಡಗಾಲು ಎತ್ತುತ್ತಿದ್ದ. ಸಂಗತಿ ಇಷ್ಟೇ. ಆದರೆ ಗೋವಾದಲ್ಲಿ ದುಡಿಯಲು ಬಂದ ಉತ್ತರ ಕರ್ನಾಟಕದ ಮಂದಿ ಇಷ್ಟೇ ಸಂಗತಿಯನ್ನು ಇಷ್ಟಕ್ಕೇ ಬಿಡುವವರಲ್ಲ. ಪಾಂಡಪ್ಪನ ಕಾಲು ಮೇಲೆ ಹೋದರೆ ಅರಬ್ಬೀ ಸಮುದ್ರ ಅಲೆಯನ್ನು ಅರ್ಧಕ್ಕೆ ಹಿಡಿದು ಅಪ್ಪಣೆಗಾಗಿ ನಿಲ್ಲುತ್ತದೆ ಎಂದು ಫಾತೋರ್ಡಾದ ಚಹಾದಂಗಡಿಯಲ್ಲಿ ಹೇಳುತ್ತಿದ್ದರು. ಕೆಪೆಯಲ್ಲಿ ಕಲ್ಲು ಹೊರುವವರು ಇದಕ್ಕೆ ನಾಯಿಗಳನ್ನು ಸೇರಿಸಿದರು: ಬೊಗಳುವ ನಾಯಿ ಬಾಯಿ ತೆರೆದದ್ದು ತೆರೆದಂತೆಯೇ ನಿಲ್ಲುತ್ತಿತ್ತಂತೆ. ಗುಡಿಸಲು ಕೆಡವಿದ್ದಕ್ಕೆ ಬಾಯ್ನಾದಿಂದ ಎದ್ದು ಬಂದವರು ಇನ್ನೂ ಮುಂದೆ ಹೋದರು. ಒಂದು ಸಂಜೆ ಪಾಂಡಪ್ಪ ಕಾಲು ಇಳಿಸುವುದನ್ನೇ ಮರೆತನಂತೆ. ಸೂರ್ಯ ಮುಳುಗಲೂ ಆಗದೆ, ಏಳಲೂ ಆಗದೆ ನೀರಿನ ಅಂಚಿನಲ್ಲಿ ಒದ್ದಾಡಿದನಂತೆ. ಅಸಲು ಕಾರಣ ಬೇರೆ. ಹೊಸದಾಗಿ ಬಂದಾಗ ಅವನಿಗೆ ಚಪ್ಪಲಿ ಇರಲಿಲ್ಲ, ಮರಳು ಕಾದಿರುತ್ತಿತ್ತು. ಚಪ್ಪಲಿ ಬಂದ ಮೇಲೂ ಕಾಲಿಗೆ ಅದು ತಿಳಿಯಲಿಲ್ಲ.

ಈ ಒಂಟಿಕಾಲಿನ ತಪಸ್ಸಿಗೆ ವರವೂ ಸಿಕ್ಕಿತ್ತು. ಪಾಂಡಪ್ಪ ಫೋಟೋ ತೆಗೆದ ಹುಡುಗಿ ತವರಿನಲ್ಲಿ ಉಳಿಯುವುದಿಲ್ಲ ಎಂಬ ಮಾತು ಮಡಗಾವಿನಿಂದ ಮುಂಡರಗಿಯವರೆಗೂ ಓಡಾಡುತ್ತಿತ್ತು. ಗೋವಾದಲ್ಲಿ ದುಡಿಯುವವರು ಮಕ್ಕಳ ಸಂಬಂಧಕ್ಕೆ ಊರ ಕಡೆಗೇ ನೋಡಬೇಕು. ಗಂಡಿನ ಕಡೆಯ ಹಿರಿಯರು ಬಸ್ಸು ಹತ್ತಬೇಕಾದರೆ ಮೊದಲು ಹುಡುಗಿಯ ಫೋಟೋ ಊರಿಗೆ ಹೋಗಬೇಕು. ಅದು ಗಂಡಿನ ಮನೆಯ ಗೋಡೆಯ ಗೂಡಿನಲ್ಲಿ, ದೇವರ ಮಾಡದಲ್ಲಿ ಕೂರಬೇಕು, ತಾಂಡಾದ ಹೆಂಗಸರೆಲ್ಲ ಕೈಯಿಂದ ಕೈಗೆ ದಾಟಿಸಿ ಮೂಗು, ಕಿವಿ, ಹುಬ್ಬು ಎಲ್ಲವನ್ನೂ ವಿಚಾರಣೆ ಮಾಡಿ ಮತ್ತೆ ಮಾಡಕ್ಕೆ ಸೇರಿಸಬೇಕು. ಹುಡುಗಿಯನ್ನು ಕಣ್ಣಾರೆ ಕಂಡವರಿದ್ದರೂ ಫೋಟೋ ಬಾರದೆ ಅದು ಕಂಡ ಲೆಕ್ಕಕ್ಕಿಲ್ಲ. ಹೀಗೆ ಎಷ್ಟೋ ದೇವರ ಮಾಡಗಳಲ್ಲಿ, ಎಷ್ಟೋ ದೇವರುಗಳ ಪಕ್ಕದಲ್ಲಿ, ಪಾಂಡಪ್ಪನ ಕೈಕೆಲಸ ಊದಿನಕಡ್ಡಿಯ ಹೊಗೆ ಕುಡಿದಿತ್ತು.

ಪಾಂಡಪ್ಪ ಮೊದಲು ಫಾತೋರ್ಡಾದಲ್ಲಿ ಸಿಮೆಂಟು ಹೊತ್ತವನು. ಆಮೇಲೆ ಕೋಲ್ವಾದ ಮುದಿ ಫೋಟೋಗ್ರಾಫರನೊಬ್ಬನ ಚೀಲ ಹೊತ್ತ. ಮುದುಕ ಕಣ್ಣು ಮಂಜಾಗಿ ಮನೆ ಸೇರುವಾಗ ರೋಲ್ ಹಾಕುವ ತನ್ನ ಹಳೆಯ ಕ್ಯಾಮೆರಾವನ್ನು ಇವನ ಕೊರಳಿಗೆ ಹಾಕಿ ಹೋದ. ಹೆಂಡತಿ ದುರ್ಗಾಬಾಯಿ ಅದೇ ತೀರದಲ್ಲಿ ಕನ್ನಡಿ ಕೂರಿಸಿದ ಚೀಲ, ಮಣಿಸರ ಮಾರುತ್ತಿದ್ದಳು. ಒಬ್ಬಳೇ ಮಗಳು ದೀಪಾ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ವಸ್ತ್ರಗಳಿಗೆ ಇಸ್ತ್ರಿ ಹಾಕುತ್ತಿದ್ದಳು.

೨೦೦೭ರ ಮಳೆಗಾಲ. ತೀರಕ್ಕೆ ಜನವಿಲ್ಲ, ಕ್ಯಾಮೆರಾಕ್ಕೆ ಕೆಲಸವಿಲ್ಲ. ಬೂಷ್ಟು ಹಿಡಿಯದಿರಲೆಂದು ಪಾಂಡಪ್ಪ ಅದನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಫಾತೋರ್ಡಾದ ಗೋಪಪ್ಪನ ಚಹಾದಂಗಡಿಗೆ ಬಂದು ಕೂತಿದ್ದ. ಅಲ್ಲಿಗೆ ಮಡಗಾವಿನ ಕ್ಯಾಮೆರಾ ಅಂಗಡಿಯಲ್ಲಿ ಕಸ ಗುಡಿಸುವ ಖೀರಪ್ಪ ಬಂದ. ಕಸದ ಜೊತೆ ಸುದ್ದಿಯನ್ನೂ ಗುಡಿಸಿ ತರುವುದು ಅವನ ಪದ್ಧತಿ.

"ಮಾಮಾ, ದೊಡ್ಡದು ಬರಾಕತ್ತೈತಿ," ಎಂದ. "ಸಾವುಕಾರ ಫೋನಿನಾಗ ಮಾತಾಡೂದು ನಾನ ಕೇಳೇನಿ. ದೊಡ್ಡ ದೊಡ್ಡ ಫೋಟೋಗ್ರಾಫರಗೋಳ ಸಲುವಾಗಿ ಕಂಪನಿ ಹೊಸಾ ಕ್ಯಾಮೆರಾ ಮಾಡಾಕತ್ತೈತಂತ. ಫ್ಲ್ಯಾಶ್ ಬ್ಯಾಡ, ಏನ ಬ್ಯಾಡ. ಕತ್ತಲ್ಯಾಗ ಬೆಕ್ಕಿನಂಗ ನೋಡತೈತಿ."

"ಮೆಗಾಪಿಕ್ಸೆಲ್?" ಎಂದು ಪಾಂಡಪ್ಪ ಕೇಳಿದ. ಧ್ವನಿಯಲ್ಲಿ ಭಕ್ತಿ ಇತ್ತು.

"ಇಪ್ಪತ್ತರ ಮ್ಯಾಲ."

"ಅಂದ್ರ ಏನಲೇ ಅದು?" ಎಂದ ಗೋಪಪ್ಪ, ಚಹಾ ಸೋಸುತ್ತ.

"ಕಣ್ಣು, ಕಾಕಾ. ಸಣ್ಣ ಸಣ್ಣ ಕಣ್ಣು. ಒಳಗ ತುಂಬಿರತಾವ."

ಮೂಲೆಯಲ್ಲಿ ಕೂತ ಗಾರೆ ಕೆಲಸದ ಗೌಂಡಿ ಬೀಡಿ ಕೊಡವಿ ಹೇಳಿದ, "ನಮ್ಮ ಸುಪರ್‌ವೈಜರಗ ಎರಡ ಅದಾವು. ಅಷ್ಟರಾಗ ಬೀಡಿ ಸೇದಾಕ ಬಿಡಂಗಿಲ್ಲ ಸೂಳೆಮಗ."

ಎಲ್ಲರೂ ನಕ್ಕರು. ಪಾಂಡಪ್ಪ ನಗಲಿಲ್ಲ. ಅವನ ತಲೆಯೊಳಗೆ ಆಗಲೇ ಆ ಕ್ಯಾಮೆರಾ ಹುಟ್ಟಿತ್ತು.

ಅದೇ ವಾರ ಗಂಗೀಬಾಯಿ ಮನೆಗೆ ಬಂದಳು. ಊರಿಗೂ ಗೋವಾಕ್ಕೂ ಓಡಾಡುತ್ತ ಮಣಿ ಮಾರುವ, ಸಂಬಂಧ ಕೂಡಿಸುವ ಹಿರಿಯ ಹೆಂಗಸು. "ತಮ್ಮಾ, ಸೋಮನಾಥನ ಮನಿಯವರು ದೀಪಾನ್ನ ಕೇಳಾಕತ್ತಾರ," ಎಂದಳು. "ಹುಡುಗ ಗದಗಿನಾಗ ಸುಟ್ಟ ಮೋಟಾರಿಗೆ ತಂತಿ ಸುತ್ತತಾನ, ಸ್ವಂತ ಅಂಗಡಿ. ಕುಡಿಯಂಗಿಲ್ಲ. ಒಂದು ಫೋಟೋ ಕೊಡು, ನಾಳಿ ಬಸ್ಸಿಗೆ ಹೊಂಟೇನಿ."

ದೀಪಾ ಇಸ್ತ್ರಿ ಸುಟ್ಟ ಬೆರಳನ್ನು ನೋಡುವ ನೆಪದಲ್ಲಿ ತಲೆ ತಗ್ಗಿಸಿದಳು. ಹಿಂದಿನ ವರ್ಷ ಚಿಕ್ಕಮ್ಮನ ಮಗಳ ಮದುವೆಯಲ್ಲಿ ಕೆಟ್ಟ ಮೈಕ್‌ಸೆಟ್ಟನ್ನು ಬಿಚ್ಚಿ ಕೂತಿದ್ದ ಸೋಮನಾಥನಿಗೆ ಟಾರ್ಚ್ ಹಿಡಿದವಳು ಅವಳೇ. ಆ ಟಾರ್ಚ್ ಅಗತ್ಯಕ್ಕಿಂತ ಹೆಚ್ಚು ಹೊತ್ತು ಉರಿದಿತ್ತು. ಇದು ತಾಯಿಗೆ ಗೊತ್ತಿತ್ತು, ತಂದೆಗೂ ಗೊತ್ತಿತ್ತು. ಈ ಸಂಬಂಧ ಆಗಲಿ ಎಂದು ಮನೆಯಲ್ಲಿ ಬಯಸದವರು ಯಾರೂ ಇರಲಿಲ್ಲ. ಬೇಕಾದದ್ದು ಒಂದೇ ಒಂದು ಫೋಟೋ, ಅದೂ ಫೋಟೋಗ್ರಾಫರನ ಮನೆಯಿಂದ.

"ಈ ಹಳೇ ಕ್ಯಾಮೆರಾ ಡಬ್ಬಿಯಾಗ ನನ್ನ ಮಗಳನ್ನ ಹಾಕಂಗಿಲ್ಲ," ಎಂದ ಪಾಂಡಪ್ಪ. "ಹೊಸ ಮಾಡೆಲ್ ಚೌತಿ ಆದ ಮ್ಯಾಲ ಬರತೈತಿ. ಬಂದ ದಿನಾನ ಖೀರಪ್ಪ ಅಂಗಡ್ಯಾಗ ಒಂದು ತಾಸು ಕೈಯಾಗ ಕೊಡಸ್ತಾನ. ಅದ್ರಾಗ ತಗಿತೀನಿ. ಅಲ್ಲೀತನಕ ತಡೀರಿ ಅಂತ ಹೇಳಕ್ಕಾ."

ದುರ್ಗಾಬಾಯಿ ಅಕ್ಕಿ ಡಬ್ಬಿಯನ್ನು ಅವನ ಮುಂದೆ ಕುಕ್ಕಿದಳು. "ಊರಮಂದಿ ಮಕ್ಕಳನ್ನೆಲ್ಲಾ ಇದ ಡಬ್ಬಿಯಾಗ ಹಾಕಿ ಗಂಡನ ಮನಿಗೆ ಕಳಿಸೀರಿ. ನಿಮ್ಮ ಮಗಳು ಒಬ್ಬಾಕಿ ಹಿಡಸಂಗಿಲ್ಲೇನ್ರಿ ಇದ್ರಾಗ?"

"ಅದಕ್ಕ ಹಿಡಸಂಗಿಲ್ಲ. ಊರಮಂದಿ ಮಗಳಲ್ಲ, ನನ್ನ ಮಗಳು."

ಮಾತು ಭಾರಿಯಾಗಿತ್ತು. ಹೇಳಿದವನಿಗೇ ಮೆಚ್ಚುಗೆಯಾಯಿತು. ಆದರೆ ಒಳಗೆ ಇನ್ನೊಂದಿತ್ತು. ಬೇರೆ ಹುಡುಗಿಯರ ಫೋಟೋ ತೆಗೆಯುವಾಗ ಯಾವ ಕೆನ್ನೆ ತಿರುಗಿಸಬೇಕು, ಯಾವ ತೆಂಗಿನ ನೆರಳಲ್ಲಿ ನಿಲ್ಲಿಸಬೇಕು ಎಂಬ ಅವನ ಲೆಕ್ಕ ತಪ್ಪುತ್ತಿರಲಿಲ್ಲ. ಯಾರಾದರೂ ಬೇಡವೆಂದರೆ ಆ ರಾತ್ರಿಯೂ ಅವನಿಗೆ ನಿದ್ದೆ ಬರುತ್ತಿತ್ತು. ದೀಪಾಳ ಫೋಟೋವನ್ನು ಯಾರಾದರೂ ಮಾಡದಿಂದ ತೆಗೆದು ವಾಪಸು ಕಳಿಸಿದರೆ? ಬಾರದ ಕ್ಯಾಮೆರಾದಲ್ಲಿ ತೆಗೆಯದ ಫೋಟೋವನ್ನು ಬೇಡ ಎನ್ನುವ ಧೈರ್ಯ ಯಾವ ಗಂಡಿನವರಿಗೂ ಇಲ್ಲ. ಇದನ್ನು ಪಾಂಡಪ್ಪ ಯಾರಿಗೂ ಹೇಳಲಿಲ್ಲ. ತನಗೂ ಪೂರ್ತಿ ಹೇಳಿಕೊಳ್ಳಲಿಲ್ಲ.

ಚೌತಿ ಬಂತು, ಗಣಪತಿ ಮುಳುಗಿದ, ಕ್ಯಾಮೆರಾ ಏಳಲಿಲ್ಲ. ದೀಪಾವಳಿಗೆ ಖಂಡಿತ ಎಂದ ಖೀರಪ್ಪ. ದೀಪಾವಳಿಯಲ್ಲಿ ಕ್ರಿಸ್‌ಮಸ್ ಎಂದ. ಪ್ರತಿ ಮುಂದೂಡಿಕೆಗೂ ಕ್ಯಾಮೆರಾ ಇನ್ನಷ್ಟು ಬಲಿಯುತ್ತಿತ್ತು. ಈಗ ಅದು ಸಿನಿಮಾವನ್ನೂ ತೆಗೆಯುತ್ತಿತ್ತು, ಮಳೆಯಲ್ಲಿ ನೆನೆದರೂ ಕೆಮ್ಮುತ್ತಿರಲಿಲ್ಲ, ಅಲುಗಾಡಿದ ಕೈಯನ್ನು ತಾನೇ ಹಿಡಿದು ನಿಲ್ಲಿಸುತ್ತಿತ್ತು. ಗೋಪಪ್ಪನ ಅಂಗಡಿಯಲ್ಲಿ ಇಟ್ಟಿಗೆ ಹೊರುವವರು ಕೂಡ ಸೆನ್ಸರಿನ ಅಳತೆಯ ಬಗ್ಗೆ ಜಗಳಾಡಿ ಮಾತು ಬಿಟ್ಟರು. ಹಳೆಯ ಲೆನ್ಸು ಹೊಸದಕ್ಕೆ ಕೂರುತ್ತದೋ ಇಲ್ಲವೋ ಎಂಬ ಪ್ರಶ್ನೆಯ ಮೇಲೆ ಅಂಗಡಿ ಎರಡು ಪಕ್ಷವಾಯಿತು. ಎರಡು ಪಕ್ಷದಲ್ಲೂ ಲೆನ್ಸು ಇದ್ದವನು ಪಾಂಡಪ್ಪ ಒಬ್ಬನೇ.

ಅದೇ ಹೊತ್ತಿಗೆ ಅತ್ತ ತಾಂಡಾದಲ್ಲಿ ದೀಪಾ ಕೂಡ ಬೆಳೆಯುತ್ತಿದ್ದಳು. ಫೋಟೋಗ್ರಾಫರನ ಮಗಳು, ಫೋಟೋ ಮಾತ್ರ ಬರುತ್ತಿಲ್ಲ. ಏಕೆ? ಮೊದಲು ಒಂದು ಕಣ್ಣು ಮೆಳ್ಳೆ ಎಂದರು. ಆಮೇಲೆ ಕಾಲು ಕುಂಟಾಯಿತು. ದೀಪಾವಳಿಯ ಹೊತ್ತಿಗೆ ಅವಳು ಹೋಟೆಲಿನ ಅಡುಗೆಯವನ ಜೊತೆ ಓಡಿಹೋಗಿ ವಾಪಸು ಬಂದಿದ್ದಳು. ಬಾರದ ಕ್ಯಾಮೆರಾಕ್ಕೆ ದಿನಕ್ಕೊಂದು ಗುಣ ಸೇರಿದಂತೆ ಬಾರದ ಫೋಟೋಗೆ ದಿನಕ್ಕೊಂದು ದೋಷ ಸೇರಿತು. ಟಾರ್ಚಿನ ಬೆಳಕಲ್ಲಿ ಅವಳನ್ನು ನೋಡಿದ್ದ ಸೋಮನಾಥ, "ಎರಡೂ ಕಣ್ಣು ನೆಟ್ಟಗ ಅದಾವ," ಎಂದು ಮನೆಯಲ್ಲಿ ಹೇಳಿದನಂತೆ. ಕತ್ತಲಲ್ಲಿ ನೋಡಿದವನ ಸಾಕ್ಷಿ ನಡೆಯುವುದಿಲ್ಲ ಎಂದು ಅವನ ಸೋದರತ್ತೆ ತೀರ್ಪು ಕೊಟ್ಟಳು.

"ಮಡಗಾವಿನ ಸ್ಟುಡಿಯೋಕ್ಕ ಕರಕೊಂಡ ಹೋಗತೀನಿ," ಎಂದಳು ದುರ್ಗಾಬಾಯಿ.

"ನನ್ನ ಮಗಳು ಬ್ಯಾರೆಯವನ ಸ್ಟೂಲಿನ ಮ್ಯಾಲ ಕುಂತ್ರ ನಾನು ಮನಿ ಬಿಟ್ಟು ಹೋಗತೀನಿ," ಎಂದ ಪಾಂಡಪ್ಪ.

"ಎಲ್ಲಿಗೆ ಹೋಗ್ತಿ ಅಪ್ಪಾ?" ಎಂದಳು ದೀಪಾ. "ಅದೂ ಹೊಸ ಮಾಡೆಲ್ ಬಂದ ಮ್ಯಾಲೇನ?"

ಕೊನೆಗೆ ತಾಯಿ ಮಗಳು ಸದ್ದಿಲ್ಲದೆ ಒಂದು ಉಪಾಯ ಮಾಡಿದರು. ಹೋಟೆಲಿನವರು ಕೊಟ್ಟ ಗುರುತಿನ ಚೀಟಿಯಲ್ಲಿ ದೀಪಾಳ ಅಂಚೆಚೀಟಿಯಷ್ಟು ಫೋಟೋ ಇತ್ತು. ಚೀಟಿಯನ್ನೇ ಗಂಗೀಬಾಯಿಯ ಕೈಗಿಟ್ಟು ಕಳಿಸಿದರು. ಅದರಲ್ಲಿ ದೀಪಾ ಈಗಷ್ಟೇ ಪೊಲೀಸರಿಗೆ ಸಿಕ್ಕಿಬಿದ್ದವಳಂತೆ ನೋಡುತ್ತಿದ್ದಳು; ಅರ್ಧ ಮುಖದ ಮೇಲೆ ಹೋಟೆಲಿನ ನೇರಳೆ ಶಾಯಿಯ ಸಿಕ್ಕಾ ಬಿದ್ದಿತ್ತು. ತಾಂಡಾದ ಹೆಂಗಸರು ಚೀಟಿಯನ್ನು ಬಿಸಿಲಿಗೆ ಹಿಡಿದು, ಓರೆ ಮಾಡಿ, ಉಗುರಿನಿಂದ ಕೆರೆದು ನೋಡಿದರು. ಸಿಕ್ಕಾ ಹೋಗಲಿಲ್ಲ. ಅಲ್ಲಿಗೆ ಎಲ್ಲರಿಗೂ ಗೊತ್ತಾಯಿತು: ಆ ಕೆನ್ನೆ ಸುಟ್ಟಿದೆ. ಇಸ್ತ್ರಿ ಹಾಕುವ ಹುಡುಗಿ ಅಲ್ಲವೇ.

ಜನವರಿಯಲ್ಲಿ, ತೀರದಲ್ಲಿ ಮಂದಿ ತುಂಬಿದ್ದಾಗ, ದುರ್ಗಾಬಾಯಿಯ ಜೊತೆ ಮಣಿ ಮಾರುವ ಫೂಲಿಬಾಯಿ ತನ್ನ ಮಗಳು ನೀಲಾಳನ್ನು ಕರೆತಂದಳು. "ಅಣ್ಣಾ, ಇಕಿದೊಂದು ತಗದ ಕೊಡ್ರಿ. ಗಂಗೀಬಾಯಿ ಸಂಜೀಕ ಊರಿಗೆ ಹೊಂಟಾಳ."

ಪಾಂಡಪ್ಪನ ರೋಲಿನಲ್ಲಿ ಕೊನೆಯದೊಂದು ಉಳಿದಿತ್ತು. ಅದನ್ನು ಖಾಲಿ ಮಾಡದೆ ರೋಲನ್ನು ತೊಳೆಯಲು ಕೊಡುವಂತಿರಲಿಲ್ಲ. ನೀಲಾಳನ್ನು ದೋಣಿಯೊಂದಕ್ಕೆ ಆನಿಸಿ ನಿಲ್ಲಿಸಿದ, "ಬಲಕ್ಕ ನೋಡವಾ" ಎಂದ, ಒತ್ತಿದ. ಅವಳು ಸೆರಗು ಸರಿಮಾಡುವಷ್ಟರಲ್ಲಿ ಮುಗಿದಿತ್ತು. ಅವನ ಮನಸ್ಸು ಅಲ್ಲಿರಲಿಲ್ಲ. ಹೊಸ ಕ್ಯಾಮೆರಾದ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂದು ಖೀರಪ್ಪ ಬೆಳಿಗ್ಗೆ ಹೇಳಿದ್ದರ ಮೇಲಿತ್ತು.

ಆ ಫೋಟೋ ಸೋಮನಾಥನ ಮನೆಯ ಮಾಡಕ್ಕೆ ಹೋಗಿ ಕೂತಿತು. ಹುಡುಗ ತಿಂಗಳೊಪ್ಪತ್ತು ಮುಖ ತಿರುಗಿಸಿಕೊಂಡಿದ್ದನಂತೆ. ಸೋದರತ್ತೆ ಊಟ ಬಿಟ್ಟಳಂತೆ. ಅವನ ಮುಖಕ್ಕಿಂತ ಅವಳ ಹಸಿವು ದೊಡ್ಡದಾಯಿತು.

ಸುದ್ದಿಯನ್ನು ಹೇಳಲು ಗಂಗೀಬಾಯಿ ಮನೆಯೊಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು. "ಪಾಂಡಪ್ಪ ತಗದ ಫೋಟೋ ಅಂದ ಕೂಡ್ಲೆ ಹಿರ್ಯಾರು ನೀಲಾನ್ನ ಒಪ್ಪಿದ್ರು ತಮ್ಮಾ," ಎಂದಳು. "ನಿನ್ನ ಕೈಗುಣ." ಹೊಗಳಿದಳೋ ಹೊಡೆದಳೋ, ಅವಳಿಗೇ ತಿಳಿದಂತಿರಲಿಲ್ಲ.

ದುರ್ಗಾಬಾಯಿ ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದಳು. ದೀಪಾ ಮಾತ್ರ ಗಂಗೀಬಾಯಿಯ ಚೀಲದಲ್ಲಿ ಉಳಿದಿದ್ದ ಇನ್ನೊಂದು ಪ್ರತಿಯನ್ನು ಕೇಳಿ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ದೋಣಿ, ಬಿಸಿಲು, ಸೆರಗು ಹಿಡಿದ ನೀಲಾ.

"ಚಲೋ ಬಂದೈತಿ ಅಪ್ಪಾ," ಎಂದಳು. "ಹಳೇ ಡಬ್ಬಿ ಅಂತ ಗೊತ್ತ ಆಗಂಗಿಲ್ಲ."

ಮೇ ತಿಂಗಳಲ್ಲಿ ಸೋಮನಾಥನಿಗೂ ನೀಲಾಳಿಗೂ ಮದುವೆಯಾಯಿತು. ಫೋಟೋ ತೆಗೆಯಲು ಪಾಂಡಪ್ಪನನ್ನೇ ಕರೆದರು. ಅವನು ಜ್ವರವೆಂದ. ಮಲಗಿಯೂ ಮಲಗಿದ, ಕಂಬಳಿ ಹೊದ್ದು. ಆ ಸೆಕೆಯಲ್ಲಿ ಜ್ವರ ಖರೇ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆಮೇಲೆ ದೀಪಾಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಸುಟ್ಟ ಕೆನ್ನೆಯ ಸುದ್ದಿ ತಾಂಡಾದಿಂದ ತಾಂಡಾಕ್ಕೆ ಬಸ್ಸಿಗಿಂತ ಮೊದಲು ತಲುಪುತ್ತಿತ್ತು. ಅದಕ್ಕೆ ಯಾವ ಫೋಟೋವೂ ಬೇಕಾಗಿರಲಿಲ್ಲ.

ಚಹಾದಂಗಡಿಯಲ್ಲಿ ಕ್ಯಾಮೆರಾದ ಮಾತು ಸತ್ತಿತ್ತು. ಇಂಥ ಹೊತ್ತಿನಲ್ಲಿ, ಚಳಿಗಾಲ ಶುರುವಾದ ಒಂದು ಬೆಳಿಗ್ಗೆ, ಖೀರಪ್ಪ ಪೊರಕೆಯನ್ನು ಕೈಯಲ್ಲೇ ಹಿಡಿದು ಬಸ್ಸಿನಿಂದ ಇಳಿದು ಓಡಿ ಬಂದ. "ಬಂತು ಮಾಮಾ. ಖರೇನ ಬಂತು. ಗಾಜಿನ ಕಪಾಟಿನಾಗ ಇಟ್ಟಾರ. ಸಾವುಕಾರ ಒಂದ ಫೋಟೋ ತಗಿಯಾಕ ಹೂಂ ಅಂದಾನ."

ಪಾಂಡಪ್ಪ ಮನೆಗೆ ಹೋದ. ಲಾಂಡ್ರಿಗೆ ಹೊರಟು ನಿಂತಿದ್ದ ಮಗಳ ಮುಂದೆ ನಿಂತ. "ಬರತೀಯೇನವಾ?" ಎಂದ.

"ನಡಿ," ಎಂದಳು ದೀಪಾ. "ಇದರ ಸಲುವಾಗಿ ಇಷ್ಟ ಕಾದೇನಿ, ಇದರ ಮಾರಿಯಾದರೂ ನೋಡಬೇಕಲ್ಲ."

ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ, ಲಾಂಡ್ರಿಯ ನೀಲಿ ಕೋಟಿನಲ್ಲಿ, ಅವಳು ನೆಟ್ಟಗೆ ನಿಂತಳು. ಅವನು ಕೆನ್ನೆ ತಿರುಗಿಸು ಎನ್ನಲಿಲ್ಲ. ಗುಂಡಿ ಒತ್ತಿದ. ಹಿಂದಿನ ಪರದೆಯ ಮೇಲೆ ದೀಪಾ ಬಂದಳು: ಎರಡು ನೆಟ್ಟಗಿನ ಕಣ್ಣು, ಕಲೆಯಿಲ್ಲದ ಕೆನ್ನೆ, ಹುಬ್ಬಿನ ಪ್ರತಿ ಕೂದಲು. ಅವಳೂ ಬಂದು ಭುಜದ ಮೇಲಿಂದ ನೋಡಿದಳು.

"ಚಲೋ ಐತಿ," ಎಂದಳು. "ಈಗ ಯಾರ ಮನಿ ಮಾಡದಾಗ ಇಡಸ್ತಿ?" ಉತ್ತರಕ್ಕೆ ಕಾಯದೆ ಕೆಲಸಕ್ಕೆ ತಡವಾಯಿತೆಂದು ಹೊರಟುಹೋದಳು.

ಪಾಂಡಪ್ಪ ಫಾತೋರ್ಡಾಕ್ಕೆ ಮರಳುವಷ್ಟರಲ್ಲಿ ಗೋಪಪ್ಪನ ಅಂಗಡಿ ತುಂಬಿತ್ತು. ಮಾತು ಬಿಟ್ಟವರು ಕೂಡ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತಿದ್ದರು. ಗೌಂಡಿ ಬೀಡಿ ಹಚ್ಚಿರಲಿಲ್ಲ. ಗೋಪಪ್ಪ ಕಿಟ್ಲಿ ಕೆಳಗಿಟ್ಟು ಎಲ್ಲರ ಪರವಾಗಿ ಕೇಳಿದ:

"ಹೇಳಪಾ ಪಾಂಡಪ್ಪ. ಅಷ್ಟೆಲ್ಲಾ ಕಣ್ಣಿನ ಕ್ಯಾಮೆರಾ. ಹೆಂಗ ಬಂತು ಮಗಳ ಫೋಟೋ?"

ಪಾಂಡಪ್ಪ ಬೆಂಚಿನ ತುದಿಯಲ್ಲಿ ಕೂತ.

"ದೀಪಾನಂಗ ಬಂದೈತಿ," ಎಂದ. "ಹಳೇದ್ರಾಗೂ ಹಂಗ ಬರತಿತ್ತು."